ಪರವಾನಗಿ ಇಲ್ಲದ ಮನೆ: ಲೆಕ್ಕದಲ್ಲಿ ಬಿಟ್ಟುಹೋದ ಸಾಲುಗಳು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬುದು ನಮ್ಮ ಹಿರಿಯರ ಅನುಭವದ ಮಾತು. ಮೂರು ದಶಕಗಳ ಲೆಕ್ಕಪರಿಶೋಧನಾ ವೃತ್ತಿಯ ನಂತರ ಈ ಗಾದೆಗೆ ಇನ್ನೊಂದು ಮಾತನ್ನು ಸೇರಿಸಬೇಕೆಂದು ನನಗೆ ಅನ್ನಿಸುತ್ತದೆ: ಕಟ್ಟಿದ ಮನೆಯನ್ನು ಅಡವಿಟ್ಟು ನೋಡು. ಮನೆಯ ಗೋಡೆ ಎಷ್ಟು ಗಟ್ಟಿಯಾಗಿದೆ ಎಂಬುದು ಮಳೆಗಾಲದಲ್ಲಿ ತಿಳಿಯುತ್ತದೆ. ಮನೆಯ ಕಾಗದಪತ್ರ ಎಷ್ಟು ಗಟ್ಟಿಯಾಗಿದೆ ಎಂಬುದು ತಿಳಿಯುವುದು ಬ್ಯಾಂಕಿನ ವಕೀಲರ ಮೇಜಿನ ಮೇಲೆ.

ಮಾರುಕಟ್ಟೆ ಪ್ರಾಂಗಣದಲ್ಲಿ ದಲಾಲಿ ಅಂಗಡಿ ನಡೆಸುವ, ನನ್ನ ಹಳೆಯ ಕಕ್ಷಿದಾರರೂ ಆದ ವ್ಯಾಪಾರಿಯೊಬ್ಬರಿಗೆ 2025ರಲ್ಲಿ ಈ ಅನುಭವವಾಯಿತು. ವ್ಯವಹಾರ ವಿಸ್ತರಿಸಲು ಅವರಿಗೆ 40 ಲಕ್ಷ ರೂಪಾಯಿಗಳ ಹೆಚ್ಚುವರಿ ದುಡಿಯುವ ಬಂಡವಾಳ ಬೇಕಾಗಿತ್ತು. ಅಂಗಡಿಯ ವಹಿವಾಟು ಚೆನ್ನಾಗಿದೆ, ತೆರಿಗೆ ವಿವರಣ ಪತ್ರಗಳು ಸಕಾಲದಲ್ಲಿ ಸಲ್ಲಿಕೆಯಾಗಿವೆ, ಹಿಂದಿನ ಸಾಲದ ಕಂತು ಒಂದೂ ತಪ್ಪಿಲ್ಲ. ಆಧಾರವಾಗಿ ಅವರು ತೋರಿಸಿದ್ದು ಎರಡು ಅಂತಸ್ತಿನ ಸ್ವಂತ ಮನೆಯನ್ನು. ಮೂರು ವಾರಗಳ ನಂತರ ಬ್ಯಾಂಕಿನ ವಕೀಲರ ವರದಿ ಬಂದಿತು. ಭೂಪರಿವರ್ತನೆಯ ಆದೇಶವಿಲ್ಲ, ಅನುಮೋದಿತ ಬಡಾವಣೆಯಲ್ಲ, ಕಟ್ಟಡದ ನಕ್ಷೆಗೆ ಮಂಜೂರಾತಿ ಇಲ್ಲ. ಆದುದರಿಂದ ಈ ಆಸ್ತಿಯನ್ನು ಆಧಾರವಾಗಿ ಪರಿಗಣಿಸಲು ಬರುವುದಿಲ್ಲ. ಇಪ್ಪತ್ತೆರಡು ವರ್ಷ ಮನೆಪಟ್ಟಿ ಕಟ್ಟಿದ ಮನೆಯ ಬೆಲೆ ಬ್ಯಾಂಕಿನ ಪುಸ್ತಕದಲ್ಲಿ ಸೊನ್ನೆಯಾಯಿತು.

2003ರ ಒಂದು ಲೆಕ್ಕ

ಈ ಪ್ರಕರಣವನ್ನು ಬರೆಯಲು ಕಾರಣ ಅವರ ತಪ್ಪಲ್ಲ, ನನ್ನದು. 2003ರಲ್ಲಿ ಅವರು ನಿವೇಶನ ಕೊಳ್ಳುವ ಮುನ್ನ ನನ್ನ ಕಚೇರಿಗೆ ಬಂದಿದ್ದರು. ಎರಡು ನಿವೇಶನಗಳು ಅವರ ಕಣ್ಣ ಮುಂದಿದ್ದವು. ಒಂದು, ಅನುಮೋದಿತ ಬಡಾವಣೆಯದು. ಇನ್ನೊಂದು, ಹೊಲವನ್ನು ಗುಂಟೆ ಲೆಕ್ಕದಲ್ಲಿ ತುಂಡರಿಸಿ ಮಾರುತ್ತಿದ್ದ, ಜನ ‘ರೆವಿನ್ಯೂ ಸೈಟ್’ ಎಂದು ಕರೆಯುವ ಕಂದಾಯ ಭೂಮಿಯದು. ಎರಡೂ 30×40 ಅಡಿ ಅಳತೆಯವು. ಬೆಲೆಯಲ್ಲಿ 1 ಲಕ್ಷ 60 ಸಾವಿರ ರೂಪಾಯಿಗಳ ವ್ಯತ್ಯಾಸ. ಪರವಾನಗಿ ಶುಲ್ಕ, ಅಭಿವೃದ್ಧಿ ಶುಲ್ಕ, ಎಂಜಿನಿಯರರ ಸಂಭಾವನೆ ಇತ್ಯಾದಿಗಳಿಗೆ ಇನ್ನೂ 40 ಸಾವಿರ. ಒಂದು ಹಾಳೆಯ ಮೇಲೆ ಎರಡನ್ನೂ ಕೂಡಿಸಿ, ‘ಉಳಿತಾಯ 2 ಲಕ್ಷ’ ಎಂದು ಬರೆದುಕೊಟ್ಟವನು ನಾನೇ. ‘ಇಂದಲ್ಲ ನಾಳೆ ಸರ್ಕಾರ ಸಕ್ರಮ ಮಾಡಿಯೇ ಮಾಡುತ್ತದೆ’ ಎಂದೂ ಹೇಳಿದ್ದೆ. ಆಗ ಎಲ್ಲರೂ ಹೇಳುತ್ತಿದ್ದ ಮಾತದು.

ಈಗ ಅದೇ ಲೆಕ್ಕವನ್ನು ಮುಂದುವರಿಸೋಣ. ಆ 2 ಲಕ್ಷವನ್ನು ಶೇ. 8ರ ಚಕ್ರಬಡ್ಡಿಯಲ್ಲಿ ಇಟ್ಟಿದ್ದರೆ 22 ವರ್ಷಗಳಲ್ಲಿ ಅದು ಸುಮಾರು 10 ಲಕ್ಷ 87 ಸಾವಿರ ಆಗುತ್ತಿತ್ತು. ಉಳಿತಾಯದ ಪೂರ್ಣ ಬೆಲೆ ಇಷ್ಟು. ಬ್ಯಾಂಕು ನಿರಾಕರಿಸಿದ ನಂತರ ಅವರು ಆ 40 ಲಕ್ಷವನ್ನು ಖಾಸಗಿಯಾಗಿ ತಂದರು. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ, ಅಂದರೆ ವರ್ಷಕ್ಕೆ ಶೇ. 24. ಬ್ಯಾಂಕಿನ ಬಡ್ಡಿಯನ್ನು ಶೇ. 10 ಎಂದು ಹಿಡಿದರೆ ವ್ಯತ್ಯಾಸ ಶೇ. 14; ವರ್ಷಕ್ಕೆ 5 ಲಕ್ಷ 60 ಸಾವಿರ ರೂಪಾಯಿ. ಎರಡು ವರ್ಷ ತುಂಬುವುದರೊಳಗೆ, ಇಪ್ಪತ್ತೆರಡು ವರ್ಷಗಳ ಉಳಿತಾಯವೂ ಅದರ ಚಕ್ರಬಡ್ಡಿಯೂ ಕರಗಿಹೋಗುತ್ತವೆ. ನಾನು ಅಂದು ಉಳಿತಾಯವೆಂದು ಬರೆದದ್ದು ವಾಸ್ತವವಾಗಿ ಒಂದು ಸಾಲವಾಗಿತ್ತು. ಮರುಪಾವತಿಯ ದಿನಾಂಕವನ್ನೂ ಬಡ್ಡಿಯ ದರವನ್ನೂ ಮಾತ್ರ ಅದರಲ್ಲಿ ನಮೂದಿಸಿರಲಿಲ್ಲ. ನಮ್ಮ ವೃತ್ತಿಯ ಭಾಷೆಯಲ್ಲಿ ಇದಕ್ಕೆ ಸಂಭಾವ್ಯ ಹೊಣೆಗಾರಿಕೆ ಎನ್ನುತ್ತಾರೆ.

ಮೂರು ಅನುಮತಿಗಳು, ನಾಲ್ಕು ಭ್ರಮೆಗಳು

ಮನೆಗೆ ‘ಅನುಮತಿ ಇದೆಯೇ’ ಎಂದು ಕೇಳಿದರೆ ಬಹುತೇಕ ಜನ ಒಂದು ಕಡತವನ್ನು ತಂದಿಡುತ್ತಾರೆ. ಅದರಲ್ಲಿ ನೋಂದಾಯಿತ ಕ್ರಯಪತ್ರ, ಖಾತೆಯ ಉತಾರ, ಮನೆಪಟ್ಟಿ ರಶೀದಿ, ವಿದ್ಯುತ್ ಬಿಲ್ಲು ಇರುತ್ತವೆ. ಈ ನಾಲ್ಕೂ ಅಗತ್ಯವಾದ ದಾಖಲೆಗಳೇ. ಆದರೆ ಇವುಗಳಲ್ಲಿ ಒಂದೂ ಅನುಮತಿಯಲ್ಲ. ನೋಂದಣಿಯು ವ್ಯವಹಾರ ನಡೆದುದಕ್ಕೆ ಸಾಕ್ಷಿ. ಖಾತೆಯು ತೆರಿಗೆ ಕಟ್ಟುವ ಹೊಣೆ ಯಾರದೆಂಬುದಕ್ಕೆ ದಾಖಲೆ. ಮನೆಪಟ್ಟಿ ರಶೀದಿ ಹಣ ಸಂದಾಯವಾದುದಕ್ಕೆ ರಶೀದಿ. ವಿದ್ಯುತ್ ಬಿಲ್ಲು ವಿದ್ಯುತ್ ಬಳಸಿದುದಕ್ಕೆ ಬಿಲ್ಲು. ಕರ ವಸೂಲಿ ಮಾಡಿದ ಮಾತ್ರಕ್ಕೆ ಕಟ್ಟಡ ಸಕ್ರಮವಾಗುವುದಿಲ್ಲ ಎಂಬುದು ಕಾನೂನಿನ ನಿಲುವು. ಆದಾಯ ತೆರಿಗೆಯವರು ಬಾಡಿಗೆಯ ಮೇಲೆ ತೆರಿಗೆ ಪಡೆದರೂ ಮನೆಯ ಸಕ್ರಮತೆಗೆ ಅವರು ಜಾಮೀನು ನಿಲ್ಲುವುದಿಲ್ಲ, ಇದೂ ಹಾಗೆಯೇ.

ನಿಜವಾಗಿ ಬೇಕಾದ ಅನುಮತಿಗಳು ಮೂರು. ಮೊದಲನೆಯದು, 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಕಲಮಿನ ಅನ್ವಯ ಕೃಷಿ ಭೂಮಿಯನ್ನು ಕೃಷಿಯೇತರ ಉದ್ದೇಶಕ್ಕೆ ಪರಿವರ್ತಿಸುವ ಆದೇಶ. ನಮ್ಮ ಭಾಗದಲ್ಲಿ ಜನ ‘ಎನ್.ಎ.’ ಎನ್ನುವುದು ಇದನ್ನೇ. ಎರಡನೆಯದು, 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಕಲಮಿನ ಪ್ರಕಾರ ಬಡಾವಣೆಯ ವಿನ್ಯಾಸಕ್ಕೆ ಅನುಮೋದನೆ. ರಸ್ತೆ, ಚರಂಡಿ, ಉದ್ಯಾನಗಳಿಗೆ ಜಾಗ ಬಿಟ್ಟಿದ್ದಾರೆಯೇ ಎಂದು ನೋಡುವ ಹಂತವಿದು. ಮೂರನೆಯದು, ಕಟ್ಟಡದ ನಕ್ಷೆಗೆ ಸ್ಥಳೀಯ ಸಂಸ್ಥೆಯ ಪರವಾನಗಿ. ಮಹಾನಗರ ಪಾಲಿಕೆಗಳ ವ್ಯಾಪ್ತಿಯಲ್ಲಿ 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆಯ 299ನೇ ಕಲಂ ಇದಕ್ಕೆ ಅರ್ಜಿ ಸಲ್ಲಿಸಬೇಕೆನ್ನುತ್ತದೆ. ಕಟ್ಟಡ ಮುಗಿದ ಮೇಲೆ ಒಂದು ತಿಂಗಳೊಳಗೆ ತಿಳಿಸಿ, ವಾಸಕ್ಕೆ ಅನುಮತಿ ಪಡೆಯಬೇಕೆಂದು 310ನೇ ಕಲಂ ವಿಧಿಸುತ್ತದೆ. ಅನಧಿಕೃತ ಕಟ್ಟಡವನ್ನು ಕೆಡಹುವ ಅಧಿಕಾರ 321ನೇ ಕಲಮಿನಲ್ಲಿದೆ.

ಮೊದಲ ಮೆಟ್ಟಿಲು ಇಲ್ಲದೆ ಎರಡನೆಯದನ್ನು, ಎರಡನೆಯದು ಇಲ್ಲದೆ ಮೂರನೆಯದನ್ನು ಏರಲಾಗದು. ಆದುದರಿಂದ ಕಂದಾಯ ನಿವೇಶನ ಕೊಂಡವನು ಪರವಾನಗಿ ಕೇಳಲು ಹೋದರೂ ಸಿಗುವುದಿಲ್ಲ. ‘ಪರವಾನಗಿ ಪಡೆಯದೆ ಮನೆ ಕಟ್ಟಿದರು’ ಎನ್ನುವಾಗ ತಪ್ಪು ನಡೆದದ್ದು ಅನೇಕ ವೇಳೆ ಅಡಿಪಾಯ ತೋಡಿದ ದಿನವಲ್ಲ. ನಿವೇಶನಕ್ಕೆ ಮುಂಗಡ ಕೊಟ್ಟ ದಿನ.

ಸಕ್ರಮದ ನಿರೀಕ್ಷೆ

ನಾನು ಅಂದು ನೀಡಿದ ಭರವಸೆ ಏನಾಯಿತು ಎಂಬುದನ್ನೂ ಹೇಳಬೇಕು. ಯೋಜನಾ ಕಾಯ್ದೆಗೆ 76ಎಫ್‌ಎಫ್ ಕಲಮನ್ನು ಸೇರಿಸಿ, ‘ಅಕ್ರಮ-ಸಕ್ರಮ’ ಎಂದು ಹೆಸರಾದ ಯೋಜನೆಗೆ 2007ರಲ್ಲಿ ನಿಯಮಗಳನ್ನು ರೂಪಿಸಲಾಯಿತು. ವಿರೋಧ, ತಿದ್ದುಪಡಿಗಳ ನಂತರ 2014ರಲ್ಲಿ ಹೊಸ ನಿಯಮಗಳು ಬಂದವು. 2013ರ ಅಕ್ಟೋಬರ್ 19ಕ್ಕೆ ಮುನ್ನ ನಡೆದ ಉಲ್ಲಂಘನೆಗಳು ಮಾತ್ರ ಅದರ ವ್ಯಾಪ್ತಿಗೆ ಬರುತ್ತಿದ್ದವು. ರಾಜ್ಯ ಉಚ್ಚ ನ್ಯಾಯಾಲಯ 2016ರ ಡಿಸೆಂಬರಿನಲ್ಲಿ ಅದನ್ನು ಎತ್ತಿ ಹಿಡಿಯಿತು. 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ತಡೆಯಾಜ್ಞೆ ನೀಡಿತು. ಹೀಗೆ ನಾಳೆ ಎಂದದ್ದು ದಶಕಗಳಾದವು.

ಓದುಗರು ಗಮನಿಸಬೇಕಾದ ಇನ್ನೊಂದು ಅಂಶವಿದೆ. ಆ ಯೋಜನೆಯು ಎಲ್ಲವನ್ನೂ ಸಕ್ರಮಗೊಳಿಸುವ ಯೋಜನೆಯಾಗಿರಲಿಲ್ಲ. ವಸತಿ ಕಟ್ಟಡಗಳಲ್ಲಿ ಶೇ. 50ರವರೆಗಿನ, ವಸತಿಯೇತರ ಕಟ್ಟಡಗಳಲ್ಲಿ ಶೇ. 25ರವರೆಗಿನ ಉಲ್ಲಂಘನೆಗೆ ಮಾತ್ರ ಅವಕಾಶವಿತ್ತು. ಸುತ್ತ ಒಂದಡಿ ಜಾಗವನ್ನೂ ಬಿಡದೆ, ನಾಲ್ಕೂ ದಿಕ್ಕಿಗೆ ಗಡಿಯವರೆಗೆ ಗೋಡೆ ಎಬ್ಬಿಸಿದ ಮನೆ ಈ ಮಿತಿಯೊಳಗೆ ಬರುವುದೇ ಇಲ್ಲ. ನನ್ನ ಕಕ್ಷಿದಾರರ ಮನೆ ಅಂಥದೇ. ನಾಳೆ ತಡೆಯಾಜ್ಞೆ ತೆರವಾದರೂ ಅವರಿಗೆ ಪ್ರಯೋಜನವಾಗುವುದು ಸಂದೇಹ.

‘ಬಿ’ ಖಾತೆಯ ವಿಷಯದಲ್ಲಿಯೂ ಇಂಥದೇ ತಪ್ಪು ತಿಳಿವಳಿಕೆ ಇದೆ. ಅನುಮೋದನೆ ಇಲ್ಲದ ಆಸ್ತಿಗಳಿಂದ ಕರ ವಸೂಲಿ ಮಾಡಲು ಬೆಂಗಳೂರಿನಲ್ಲಿ ಪ್ರತ್ಯೇಕವಾಗಿ ಇಟ್ಟ ವಹಿಯ ಹೆಸರು ಅದು. 2025ರಲ್ಲಿ ‘ಬಿ’ ಖಾತೆಯ ನಿವೇಶನಗಳಿಗೆ ‘ಎ’ ಖಾತೆ ನೀಡುವ ಯೋಜನೆಯನ್ನು ಸರ್ಕಾರ ಪ್ರಕಟಿಸಿತು. ಅದು ನಿವೇಶನದ ಖಾತೆಗೆ ಸಂಬಂಧಿಸಿದ್ದು. ಮೇಲೆ ನಿಂತಿರುವ ಕಟ್ಟಡದ ಉಲ್ಲಂಘನೆಯನ್ನು ಅದು ಅಳಿಸುವುದಿಲ್ಲ.

2024ರ ಡಿಸೆಂಬರ್ 17ರ ತೀರ್ಪು

ಮೀರತ್ ನಗರದ ಶಾಸ್ತ್ರಿನಗರದಲ್ಲಿ ವಸತಿಗೆಂದು ನೀಡಿದ ನಿವೇಶನವೊಂದರಲ್ಲಿ ಅಂಗಡಿಗಳನ್ನು ಕಟ್ಟಲಾಗಿತ್ತು. ಆ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2024ರ ಡಿಸೆಂಬರ್ 17ರಂದು ನೀಡಿದ ತೀರ್ಪು ದೇಶದ ಎಲ್ಲ ನಗರಗಳಿಗೂ ಅನ್ವಯಿಸುವ ನಿರ್ದೇಶನಗಳನ್ನು ಒಳಗೊಂಡಿದೆ. ಬಹಳ ವರ್ಷಗಳಾದವು, ಅಧಿಕಾರಿಗಳು ಸುಮ್ಮನಿದ್ದರು, ಬಹಳ ಹಣ ಹಾಕಿದ್ದೇವೆ ಎಂಬ ಮೂರು ವಾದಗಳೂ ಅನಧಿಕೃತ ಕಟ್ಟಡವನ್ನು ರಕ್ಷಿಸಲಾರವು ಎಂಬುದು ಅದರ ಸಾರ. ವಿದ್ಯುತ್, ನೀರು, ಒಳಚರಂಡಿ ಸಂಪರ್ಕವನ್ನು ಸ್ವಾಧೀನಾನುಭವ ಪ್ರಮಾಣಪತ್ರ ನೋಡಿದ ನಂತರವೇ ನೀಡಬೇಕು. ಬ್ಯಾಂಕುಗಳು ಕಟ್ಟಡವನ್ನು ಆಧಾರವಾಗಿ ಪಡೆದು ಸಾಲ ನೀಡುವಾಗ ಈ ಪ್ರಮಾಣಪತ್ರವನ್ನು ಪರಿಶೀಲಿಸಬೇಕು. ಅನಧಿಕೃತ ಕಟ್ಟಡದಲ್ಲಿ ವ್ಯಾಪಾರ ನಡೆಸಲು ಯಾವ ಪ್ರಾಧಿಕಾರವೂ ಪರವಾನಗಿ ನೀಡಬಾರದು ಎಂದು ಅದು ನಿರ್ದೇಶಿಸಿತು. ಕೊನೆಯ ಅಂಶ ನಮ್ಮ ಸದಸ್ಯರಿಗೆ ಮುಖ್ಯವಾದುದು. ಮನೆಯ ನೆಲ ಅಂತಸ್ತಿನಲ್ಲಿ ಅಂಗಡಿ ಅಥವಾ ಗೋದಾಮು ಇಟ್ಟುಕೊಂಡವರು ನಮ್ಮಲ್ಲಿ ಅನೇಕರಿದ್ದಾರೆ.

ಈ ತೀರ್ಪಿನ ಪರಿಣಾಮವಾಗಿ 2025ರಲ್ಲಿ ರಾಜ್ಯದ ವಿದ್ಯುತ್ ಸರಬರಾಜು ಕಂಪನಿಗಳು ಹೊಸ ಸಂಪರ್ಕಕ್ಕೆ ಪ್ರಮಾಣಪತ್ರ ಕೇಳಲಾರಂಭಿಸಿದವು. ಗೃಹಪ್ರವೇಶ ಮುಗಿಸಿಯೂ ಹೆಚ್ಚಿನ ದರದ ತಾತ್ಕಾಲಿಕ ಸಂಪರ್ಕದಲ್ಲಿಯೇ ಉಳಿದವರನ್ನು ನಾನು ಬಲ್ಲೆ. ಅದೇ ವರ್ಷ ರಾಜ್ಯ ಸರ್ಕಾರ 1200 ಚದರ ಅಡಿವರೆಗಿನ ನಿವೇಶನಗಳಲ್ಲಿನ ಸಣ್ಣ ವಸತಿ ಕಟ್ಟಡಗಳಿಗೆ ಷರತ್ತಿಗೊಳಪಟ್ಟು ಸ್ವಾಧೀನಾನುಭವ ಪ್ರಮಾಣಪತ್ರದಿಂದ ವಿನಾಯಿತಿ ನೀಡಲು ತೀರ್ಮಾನಿಸಿತು. ಸಣ್ಣ ಮನೆಯವರಿಗೆ ಇದು ನೆಮ್ಮದಿಯ ಸಂಗತಿಯೇ. ಆದರೆ ಪ್ರಮಾಣಪತ್ರದಿಂದ ವಿನಾಯಿತಿ ಎಂದರೆ ನಕ್ಷೆಯ ಮಂಜೂರಾತಿಯಿಂದ ವಿನಾಯಿತಿ ಎಂದಲ್ಲ.

ಬ್ಯಾಂಕಿನ ಬಾಗಿಲು ಮುಚ್ಚಿದ್ದು ಇಂದಲ್ಲ

‘ಬ್ಯಾಂಕಿನವರು ಈಗ ಬಿಗಿಯಾದರು’ ಎಂದು ಹಲವರು ದೂರುತ್ತಾರೆ. ವಸ್ತುಸ್ಥಿತಿ ಬೇರೆ. ದೆಹಲಿ ಉಚ್ಚ ನ್ಯಾಯಾಲಯದ ಆದೇಶವನ್ನು ಅನುಸರಿಸಿ ಭಾರತೀಯ ರಿಸರ್ವ್ ಬ್ಯಾಂಕು 2006ರ ನವೆಂಬರಿನಲ್ಲಿಯೇ ಸುತ್ತೋಲೆ ಹೊರಡಿಸಿತ್ತು. ಮನೆ ಕಟ್ಟಲು ಸಾಲ ಕೇಳುವವನ ಹೆಸರಿನಲ್ಲಿ ಮಂಜೂರಾದ ನಕ್ಷೆಯ ಪ್ರತಿ ಇರಬೇಕು. ನಕ್ಷೆಯನ್ನು ಮೀರುವುದಿಲ್ಲವೆಂದೂ, ಕಟ್ಟಡ ಮುಗಿದ ಮೂರು ತಿಂಗಳೊಳಗೆ ಪೂರ್ಣತಾ ಪ್ರಮಾಣಪತ್ರ ಪಡೆಯುವುದು ತನ್ನ ಹೊಣೆಯೆಂದೂ ಆತ ಪ್ರಮಾಣಪತ್ರ ಬರೆದುಕೊಡಬೇಕು. ತಪ್ಪಿದರೆ ಇಡೀ ಸಾಲವನ್ನು ಬಡ್ಡಿ ಸಮೇತ ಹಿಂದಕ್ಕೆ ಕರೆಯುವ ಅಧಿಕಾರ ಬ್ಯಾಂಕಿಗಿದೆ. ಅನಧಿಕೃತ ಬಡಾವಣೆಯ ಆಸ್ತಿಗೆ, ಅದು ಸಕ್ರಮವಾಗುವವರೆಗೆ, ಸಾಲ ಕೊಡಲೇಬಾರದು. ಗೃಹಸಾಲ ಪಡೆದ ನಮ್ಮ ಸದಸ್ಯರಲ್ಲಿ ಹಲವರು ಈ ಪ್ರಮಾಣಪತ್ರಕ್ಕೆ ಸಹಿ ಹಾಕಿದ್ದಾರೆ. ಓದಿದವರು ಮಾತ್ರ ವಿರಳ. ನಕ್ಷೆಯಲ್ಲಿ ಇಲ್ಲದ ಒಂದು ಕೋಣೆಯನ್ನು ಮೇಲೆ ಕಟ್ಟುವವರು ಈ ಷರತ್ತನ್ನು ಒಮ್ಮೆ ತೆಗೆದು ಓದುವುದು ಒಳಿತು.

ತೆರಿಗೆಯ ಮೂರು ಮಾತು

ಒಂದನೆಯದು, ಅನಧಿಕೃತ ಮನೆಯ ಬಾಡಿಗೆಗೂ ಆದಾಯ ತೆರಿಗೆ ಇದೆ. ಕಟ್ಟಡ ಅಕ್ರಮವೆಂಬ ಕಾರಣಕ್ಕೆ ಆದಾಯವನ್ನು ಬಿಟ್ಟುಬಿಡುವಂತಿಲ್ಲ.

ಎರಡನೆಯದು, ವ್ಯಾಪಾರದ ಕಟ್ಟಡದಲ್ಲಿ ನಕ್ಷೆ ಉಲ್ಲಂಘಿಸಿ, ಅದನ್ನು ಮನ್ನಿಸಲು ಪಾಲಿಕೆಗೆ ಕಟ್ಟಿದ ರಾಜಿ ಶುಲ್ಕವನ್ನು ವ್ಯಾಪಾರದ ಖರ್ಚೆಂದು ತೋರಿಸಲು ಬರುವುದಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 37(1)ನೇ ಕಲಮಿನ ವಿವರಣೆಯ ಪ್ರಕಾರ ಅಪರಾಧವಾದ ಅಥವಾ ಕಾನೂನು ನಿಷೇಧಿಸಿದ ಕಾರ್ಯಕ್ಕೆ ಮಾಡಿದ ವೆಚ್ಚ ಕಳೆಯತಕ್ಕದ್ದಲ್ಲ. ನಮ್ಮ ಉಚ್ಚ ನ್ಯಾಯಾಲಯದ ತೀರ್ಪೂ ಇದೇ ದಿಕ್ಕಿನಲ್ಲಿದೆ. 2025ರ ಹೊಸ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದೆ, ತತ್ತ್ವ ಬದಲಾಗಿಲ್ಲ.

ಮೂರನೆಯದು, ಹಳೆಯ ಆಸ್ತಿಯನ್ನು ಮಾರಿ ಬಂದ ಬಂಡವಾಳ ಲಾಭದಿಂದ ಮನೆ ಕಟ್ಟಿಸುವವರು ಮೂರು ವರ್ಷಗಳೊಳಗೆ ಕಟ್ಟಿಸಿದರೆ ತೆರಿಗೆ ವಿನಾಯಿತಿ ಪಡೆಯಬಹುದು. ಪೂರ್ಣತಾ ಪ್ರಮಾಣಪತ್ರ ಇಲ್ಲದಿದ್ದರೂ ಹಣ ಹೂಡಿದ್ದು ಸಾಬೀತಾದರೆ ನ್ಯಾಯಮಂಡಳಿಗಳು ಹಲವು ಬಾರಿ ವಿನಾಯಿತಿಯನ್ನು ಒಪ್ಪಿವೆ. ಆದರೆ ಹಾಗೆ ಒಪ್ಪಿಸಲು ಮೇಲ್ಮನವಿಯ ಮೆಟ್ಟಿಲು ಹತ್ತಬೇಕಾಗುತ್ತದೆ. ಪರವಾನಗಿ ಇದ್ದವನಿಗೆ ಒಂದು ಹಾಳೆ ಸಾಕಾಗುವ ಕಡೆ, ಇಲ್ಲದವನು ಸಿಮೆಂಟಿನ ಬಿಲ್ಲು, ಗಾರೆ ಮೇಸ್ತ್ರಿಯ ರಶೀದಿ, ಮೀಟರು ಕೂರಿಸಿದ ದಿನಾಂಕಗಳನ್ನು ಹುಡುಕುತ್ತ ಕೂರಬೇಕು.

ತಪ್ಪು ಒಂದೇ ಕಡೆಯದಲ್ಲ

ಇಷ್ಟೆಲ್ಲ ಹೇಳಿ, ಮನೆ ಕಟ್ಟಿದವನನ್ನಷ್ಟೇ ದೂಷಿಸಿದರೆ ನ್ಯಾಯವಾಗದು. ನಗರ ಬೆಳೆದ ವೇಗಕ್ಕೆ ತಕ್ಕಂತೆ ಅನುಮೋದಿತ ನಿವೇಶನಗಳು ಸಿಗಲಿಲ್ಲ. ಸಿಕ್ಕವು ಮಧ್ಯಮ ವರ್ಗದವರ ಕೈಗೆ ಎಟುಕಲಿಲ್ಲ. ನಕ್ಷೆಯ ಮಂಜೂರಾತಿಗೆ ತಿಂಗಳುಗಟ್ಟಲೆ ಅಲೆದು, ಕೊನೆಗೆ ಸೋತು ಕೆಲಸ ಆರಂಭಿಸಿದವರೂ ಇದ್ದಾರೆ. ಒಂದು ಕೈಯಿಂದ ಮುದ್ರಾಂಕ ಶುಲ್ಕವನ್ನೂ ಮನೆಪಟ್ಟಿಯನ್ನೂ ಪಡೆಯುವ ವ್ಯವಸ್ಥೆ, ಇನ್ನೊಂದು ಕೈಯಿಂದ ‘ನಿನ್ನ ಮನೆ ಕಾನೂನಿನಲ್ಲಿ ಇಲ್ಲ’ ಎಂದರೆ ಸಾಮಾನ್ಯನು ಏನು ತಿಳಿಯಬೇಕು?

ಬೆಂಗಳೂರಿನಲ್ಲಿ 2024ರಲ್ಲಿ ಆರಂಭವಾದ ‘ನಂಬಿಕೆ ನಕ್ಷೆ’ ಯೋಜನೆಯಲ್ಲಿ 50×80 ಅಡಿವರೆಗಿನ ನಿವೇಶನಗಳ ವಸತಿ ಕಟ್ಟಡಗಳಿಗೆ, ನೋಂದಾಯಿತ ವಾಸ್ತುಶಿಲ್ಪಿ ಅಥವಾ ಎಂಜಿನಿಯರರ ಮೂಲಕ ಗಣಕಯಂತ್ರದಲ್ಲಿಯೇ ತಾತ್ಕಾಲಿಕ ಮಂಜೂರಾತಿ ಪಡೆಯುವ ಅವಕಾಶ ಒದಗಿತು. ಇಂಥ ಸೌಲಭ್ಯ ಜಿಲ್ಲಾ ಕೇಂದ್ರಗಳ ಸಣ್ಣ ನಿವೇಶನದಾರನಿಗೂ ಅಷ್ಟೇ ಸುಲಭವಾಗಿ ಸಿಗಬೇಕು. ಪ್ರತಿ ಬಡಾವಣೆಯ ಅನುಮೋದನೆಯ ಸ್ಥಿತಿಯನ್ನು ಉಪನೋಂದಣಿ ಕಚೇರಿಯ ಗೋಡೆಯ ಮೇಲೆ ಪ್ರಕಟಿಸಬೇಕು. ನಮ್ಮ ಸಂಸ್ಥೆ ಈ ಎರಡು ಬೇಡಿಕೆಗಳನ್ನು ಸರ್ಕಾರದ ಮುಂದಿಡುವುದು ಉಚಿತವೆಂದು ನನ್ನ ವಿನಂತಿ.

ಏನು ಮಾಡಬಹುದು?

ನಿವೇಶನ ಕೊಳ್ಳಲಿರುವವರು ಮುಂಗಡ ಕೊಡುವ ಮುನ್ನ ಭೂಪರಿವರ್ತನೆಯ ಆದೇಶ, ಅನುಮೋದಿತ ಬಡಾವಣೆಯ ನಕ್ಷೆ, ಖಾತೆ ಹಾಗೂ ಋಣಭಾರ ಪತ್ರಗಳನ್ನು ಕೇಳಿ ಪಡೆದು, ತಮ್ಮದೇ ವಕೀಲರಿಗೆ ತೋರಿಸಬೇಕು. ಮಾರುವವರ ವಕೀಲರಿಗಲ್ಲ. ಕಟ್ಟಲಿರುವವರು ಮಂಜೂರಾದ ನಕ್ಷೆ ಕೈಗೆ ಬಂದ ನಂತರವೇ ಭೂಮಿಪೂಜೆಯ ಮುಹೂರ್ತ ಕೇಳಬೇಕು.

ಈಗಾಗಲೇ ಕಟ್ಟಿ ವಾಸವಾಗಿರುವವರು ಗಾಬರಿಗೊಳ್ಳಬೇಕಾಗಿಲ್ಲ, ಸುಮ್ಮನಿರಲೂಬಾರದು. ಮೂರು ಅನುಮತಿಗಳಲ್ಲಿ ಯಾವುದಿದೆ, ಯಾವುದಿಲ್ಲ ಎಂಬ ಪಟ್ಟಿಯನ್ನು ಮೊದಲು ಮಾಡಿಕೊಳ್ಳಿ. ಪರವಾನಗಿ ಪಡೆದ ಎಂಜಿನಿಯರರಿಂದ ಇದ್ದದ್ದು ಇದ್ದಂತೆ ಅಳತೆಯ ನಕ್ಷೆಯನ್ನೂ, ಕಟ್ಟಡದ ಭದ್ರತೆಯ ಬಗ್ಗೆ ವರದಿಯನ್ನೂ ಪಡೆಯಿರಿ. ರಸ್ತೆಯ ಮೇಲೆ ಚಾಚಿದ ಭಾಗವಿದ್ದರೆ ನೀವೇ ತೆಗೆಸಿ. ಹೊಸ ಅಂತಸ್ತು ಸೇರಿಸಬೇಡಿ. ಉಲ್ಲಂಘನೆಯ ಪ್ರಮಾಣ ಹೆಚ್ಚಿದಷ್ಟೂ ಮುಂದಿನ ಯಾವ ಯೋಜನೆಯಲ್ಲಿಯೂ ಸ್ಥಾನ ಸಿಗುವ ಸಂಭವ ಕಡಿಮೆಯಾಗುತ್ತದೆ. ನೋಟಿಸು ಬಂದರೆ ಗಡುವಿನೊಳಗೆ ಲಿಖಿತ ಉತ್ತರ ಕೊಡಿ. ಕಟ್ಟಡ ಕೆಡಹುವ ಮುನ್ನ ಕನಿಷ್ಠ 15 ದಿನಗಳ ನೋಟಿಸು ನೀಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2024ರ ನವೆಂಬರ್ 13ರಂದು ಹೇಳಿದೆ; ರಸ್ತೆ, ಕೆರೆ, ಸಾರ್ವಜನಿಕ ಜಾಗಗಳ ಅತಿಕ್ರಮಣಕ್ಕೆ ಮಾತ್ರ ಈ ರಕ್ಷಣೆ ಇಲ್ಲ. ವ್ಯಾಪಾರದ ಸಾಲಕ್ಕೆ ಈ ಮನೆಯೊಂದನ್ನೇ ನಂಬಿ ಕೂರಬೇಡಿ. ಬೇರೆ ಆಧಾರವನ್ನು ಈಗಿನಿಂದಲೇ ಕಟ್ಟಿಕೊಳ್ಳಿ. ಮಕ್ಕಳಿಗೆ ಕಾಗದಪತ್ರಗಳ ನಿಜಸ್ಥಿತಿಯನ್ನು ತಿಳಿಸಿಡಿ. ವಿಭಾಗಪತ್ರ ಬರೆಯುವ ದಿನ ಅದು ಹೊರಬಿದ್ದರೆ, ಆ ಮನೆ ಯಾರ ಪಾಲಿಗೆ ಬಂತೋ ಅವರು ಮೋಸಹೋದಂತಾಗುತ್ತದೆ.

ಬ್ಯಾಂಕಿನ ಪತ್ರ ಬಂದ ದಿನ ನಾನು ನನ್ನ ಕಕ್ಷಿದಾರರ ಅಂಗಡಿಗೆ ಹೋಗಿ, 2003ರಲ್ಲಿ ನಾನು ಹೇಳಿದ್ದು ತಪ್ಪಾಯಿತು ಎಂದೆ. ಅವರು ಗಾದಿಯ ಮೇಲೆ ಕುಳಿತೇ ಚಹಾ ತರಿಸಿ, “ಆಡಿಟರ್ ಸಾಹೇಬ್ರ, ಆವಾಗ ನನಗೂ ಅದ ಉತ್ತರ ಬೇಕಾಗಿತ್ತು ಬಿಡ್ರಿ” ಎಂದರು. ದೊಡ್ಡ ಮನಸ್ಸಿನ ಮಾತು. ಆದರೆ ಕಕ್ಷಿದಾರನಿಗೆ ಬೇಕಾದ ಉತ್ತರವನ್ನು ಕೊಡುವುದಕ್ಕೆ ನಮಗೆ ಸನ್ನದು ಕೊಟ್ಟಿಲ್ಲ. ಈಗ ನಿವೇಶನದ ವಿಚಾರ ಕೇಳಲು ಯಾರೇ ಬರಲಿ, ನಾನು ಲೆಕ್ಕದ ಹಾಳೆಯನ್ನು ತೆಗೆಯುವ ಮೊದಲು ಅನುಮೋದಿತ ನಕ್ಷೆಯನ್ನು ಕೇಳುತ್ತೇನೆ. ಇಲ್ಲವೆಂದವರಿಗೆ ಲೆಕ್ಕವನ್ನೇ ಮಾಡಿಕೊಡುವುದಿಲ್ಲ.